ಗೇಟಿಗೊಂದು ಕಾನೂನು ಬೇಡವೇ?

ಬೆಂಗಳೂರಿನಲ್ಲಿ ಹುಟ್ಟಿದ ರೂಢಿ ಜಿಲ್ಲಾ ಪಟ್ಟಣಕ್ಕೆ ಬಂದು ಸೇರಲು ಈಗ ಹೆಚ್ಚು ಕಾಲ ಹಿಡಿಯುವುದಿಲ್ಲ. ಅಲ್ಲಿ ಬಹುಮಹಡಿ ಮನೆಗಳು ಎದ್ದವು, ಇಲ್ಲಿಯೂ ಎದ್ದಿವೆ. ಅಲ್ಲಿ ಆ ಮನೆಗಳ ಸುತ್ತ ಎತ್ತರದ ಗೋಡೆ ಬಂತು, ಗೋಡೆಗೊಂದು ಗೇಟು ಬಂತು, ಗೇಟಿಗೊಂದು ಯಂತ್ರ ಬಂತು, ಇಲ್ಲಿಯೂ ಬರುತ್ತಿದೆ. ಇದು ಉಳ್ಳವರ ಮನೆಯ ಮಾತು, ಮಿಲ್ಲಿನ ಕೆಲಸಗಾರನಿಗೂ ಕಿರಾಣಿ ಅಂಗಡಿಯವನಿಗೂ ಇದರಿಂದ ಏನಾಗಬೇಕು ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಅವರ ಪ್ರಶ್ನೆಗೆ ಉತ್ತರವಾಗಿಯೇ ಈ ವಾರ ಈ ಮಾತನ್ನು ಎತ್ತಿಕೊಂಡಿದ್ದೇವೆ. ಆ ಗೇಟಿನೊಳಗೆ ಮನೆ ಮಾಡಿದವರು ಇದ್ದಂತೆಯೇ, ಆ ಗೇಟನ್ನು ದಿನವೂ ದಾಟಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಪಾತ್ರೆ ತೊಳೆಯುವ ತಾಯಿ, ಹಾಲು ಹಾಕುವವನು, ಪತ್ರಿಕೆ ಹಂಚುವ ಹುಡುಗ, ತರಕಾರಿ ಮಾರುವವಳು, ಇಸ್ತ್ರಿಯವನು, ಊಟದ ಪೊಟ್ಟಣ ಹೊತ್ತು ಬರುವ ಡೆಲಿವರಿ ತರುಣ, ಗೇಟಿನಲ್ಲೇ ನಿಂತಿರುವ ಕಾವಲುಗಾರ: ಇವರು ಯಾರ ಮನೆಯವರು? ನಮ್ಮ ಮನೆಯವರು. ನಮ್ಮ ಓದುಗರ ಹೆಂಡತಿ, ಮಗ, ತಮ್ಮ, ನೆರೆಯವರು.

ಮೊದಲು ಈ ಗೇಟು ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ. ಫ್ಲ್ಯಾಟಿನ ಮಾಲೀಕರ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರೊಳಗೆ ಸಣ್ಣದೊಂದು ಚಿಪ್ಪು, ಅದರಲ್ಲೊಂದು ಸಂಖ್ಯೆ. ಗೇಟಿನ ಬಳಿಯ ಯಂತ್ರ ದೂರದಿಂದಲೇ ಆ ಸಂಖ್ಯೆಯನ್ನು ಓದುತ್ತದೆ. ಅಡ್ಡಗಂಬ ತಾನಾಗಿ ಮೇಲೇಳುತ್ತದೆ. ಕಾರು ನಿಲ್ಲದೆಯೇ ಒಳಗೆ ಹೋಗುತ್ತದೆ. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಫಾಸ್ಟ್ಯಾಗ್ ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ಇನ್ನು ನಡೆದು ಬಂದವನಿಗೆ ಬೇರೆ ದಾರಿ. ಅವನ ಹೆಸರು, ಫೋನು ಸಂಖ್ಯೆ, ಎಷ್ಟೋ ಕಡೆ ಮುಖದ ಫೋಟೋ, ಇವೆಲ್ಲ ಕಾವಲುಗಾರನ ಕೈಯಲ್ಲಿರುವ ಫೋನಿಗೆ ಹೋಗುತ್ತವೆ. ಅಲ್ಲಿಂದ ಮನೆಯವರ ಫೋನಿಗೆ ಪ್ರಶ್ನೆ: ಬಿಡಬಹುದೇ, ಬೇಡವೇ? ಅವರು ಒತ್ತುವವರೆಗೆ ಬಂದವನು ಬಿಸಿಲಿನಲ್ಲಿ ನಿಲ್ಲಬೇಕು. ದಿನವೂ ಬರುವ ಮನೆಗೆಲಸದವರಿಗೆ ಒಂದು ಗುಪ್ತ ಸಂಖ್ಯೆ ಕೊಟ್ಟಿರುತ್ತಾರೆ. ಆ ಸಂಖ್ಯೆ ಹೇಳಿದರೆ ಒಳಗೆ ಬಿಡುತ್ತಾರೆ. ಬಂದ ವೇಳೆ, ಹೋದ ವೇಳೆ ಎರಡೂ ನಿಮಿಷ ತಪ್ಪದೆ ದಾಖಲಾಗುತ್ತವೆ. ಕೆಲವು ಆ್ಯಪುಗಳಲ್ಲಿ ಆಕೆಯ ಹೆಸರಿನ ಎದುರು ನಕ್ಷತ್ರಗಳನ್ನು ಹಾಕಿ ದರ್ಜೆ ಕಟ್ಟುವ ಏರ್ಪಾಡೂ ಉಂಟು.

ಮಿಲ್ಲಿನ ಕೆಲಸಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಿಲ್ಲೆ, ಹಾಜರಿ ಪುಸ್ತಕ, ಹೊರಗೆ ಬರುವಾಗ ಝಡತಿ, ಇವೆಲ್ಲವನ್ನೂ ಮಿಲ್ಲಿನ ಗೇಟು ಬಹಳ ಹಿಂದೆಯೇ ತೋರಿಸಿಕೊಟ್ಟಿತ್ತು. ಆದರೆ ಆ ಗೇಟಿಗೂ ಈ ಗೇಟಿಗೂ ಒಂದು ದೊಡ್ಡ ಅಂತರವಿದೆ. ಈ ವಾರ ನಾವು ಹೇಳಬೇಕೆಂದಿರುವುದೆಲ್ಲ ಆ ಅಂತರದಲ್ಲೇ ಇದೆ. 1946ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲು, ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯಿದೆ ಬಂತು. ದೊಡ್ಡ ಕಾರ್ಖಾನೆಯ ಮಾಲೀಕನು ಕೆಲಸದ ನಿಬಂಧನೆಗಳನ್ನು ಬರೆದು, ಸರ್ಕಾರದ ಅಧಿಕಾರಿಯಿಂದ ಪ್ರಮಾಣೀಕರಿಸಿಕೊಳ್ಳಬೇಕೆಂದು ಅದು ವಿಧಿಸಿತು. ಯಾವ ಯಾವ ವಿಷಯಗಳ ಬಗ್ಗೆ ಬರೆಯಬೇಕೆಂಬ ಪಟ್ಟಿಯಲ್ಲಿ, ಕೆಲಸಗಾರರು ಯಾವ ಗೇಟಿನಿಂದ ಒಳಗೆ ಬರಬೇಕು, ಝಡತಿಗೆ ಹೇಗೆ ಒಳಪಡಬೇಕು ಎಂಬುದೂ ಸೇರಿತ್ತು. ತಪ್ಪು ಎಂದರೆ ಯಾವುದು, ಅನ್ಯಾಯವಾದರೆ ಯಾರಲ್ಲಿ ದೂರಬೇಕು ಎಂಬುದೂ ಇತ್ತು. ಅಷ್ಟೇ ಅಲ್ಲ, ಆ ನಿಬಂಧನೆಗಳನ್ನು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬರೆದು, ಅವರು ಒಳಗೆ ಬರುವ ಬಾಗಿಲಿನ ಬಳಿಯಲ್ಲೇ ಹಲಗೆಯ ಮೇಲೆ ಹಾಕಬೇಕೆಂದು ಕಾಯಿದೆ ಹೇಳಿತು.

ಈ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದು 2025ರ ನವೆಂಬರ್ 21ರಂದು ಜಾರಿಯಾಯಿತು. 300 ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆಗಳಿಗೆ ಸ್ಥಾಯೀ ಆದೇಶಗಳ ಹಂಗನ್ನೇ ಅದು ತಪ್ಪಿಸಿದೆ. ಅದರ ವಿಷಯವಾಗಿ ನಾವು ಬೇರೆ ಬರೆಯಬೇಕು. ಇಲ್ಲಿ ಹೇಳುವುದಿಷ್ಟೇ: ಮಿಲ್ಲಿನ ಮಾಲೀಕನು ಗೇಟಿನಲ್ಲಿ ನಿಲ್ಲಿಸಿದರೆ ಯಾವ ನಿಯಮದ ಮೇಲೆ ನಿಲ್ಲಿಸಿದೆ ಎಂದು ಕೇಳಲು ಒಂದು ಹಲಗೆಯಿತ್ತು. ಬಹುಮಹಡಿ ಮನೆಯ ಗೇಟಿನಲ್ಲಿ ಮಿಲ್ಲಿನ ಹಾಜರಿ ಇದೆ, ಮಿಲ್ಲಿನ ಝಡತಿ ಇದೆ, ಮಿಲ್ಲಿಗಿಂತ ಚುರುಕಾದ ಕಣ್ಣೂ ಇದೆ. ಹಲಗೆ ಮಾತ್ರ ಇಲ್ಲ.

ಇದರ ಫಲ ಏನೆಂದು ನೋಡಿ. ಒಬ್ಬಾಕೆ ಒಂದೇ ಕಟ್ಟಡದ ಐದು ಮನೆಗಳಲ್ಲಿ ಕೆಲಸ ಮಾಡುತ್ತಾಳೆಂದು ಇಟ್ಟುಕೊಳ್ಳಿ. ಒಂದು ಮನೆಯವರಿಗೂ ಆಕೆಗೂ ಸಂಬಳದ ಮಾತಿನಲ್ಲಿ ಜಗಳವಾಗುತ್ತದೆ. ಅವರು ಸಂಘದ ಕಚೇರಿಗೆ ಹೇಳಿ ಆಕೆಯ ಸಂಖ್ಯೆಯನ್ನು ತಡೆಹಿಡಿಸಿದರೆ, ಹೋದದ್ದು ಒಂದು ಮನೆಯ ಕೆಲಸವಲ್ಲ, ಐದು ಮನೆಯ ಕೆಲಸ. ಆಪಾದನೆ ಏನು? ಗೊತ್ತಿಲ್ಲ. ವಿಚಾರಣೆ ಮಾಡಿದವರು ಯಾರು? ಯಾರೂ ಇಲ್ಲ. ಮರುದಿನ ಬೆಳಿಗ್ಗೆ ಸಂಖ್ಯೆ ಹೇಳಿದರೆ ಯಂತ್ರ ಒಪ್ಪುವುದಿಲ್ಲ, ಅಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಇಲ್ಲಿ ಪೂಜಾರಿಯ ಜಾಗದಲ್ಲಿ ಯಂತ್ರ ಕುಳಿತಿದೆ, ಅದರೊಡನೆ ವಾದ ಮಾಡುವ ಹಾಗೂ ಇಲ್ಲ. ನಕ್ಷತ್ರ ಹಾಕುವುದನ್ನೂ ಯೋಚಿಸಿ. ಶಾಲೆಯಲ್ಲಿ ಅಂಕ ಹಾಕಿದ ಮೇಷ್ಟರು ಉತ್ತರಪತ್ರಿಕೆಯನ್ನು ಹುಡುಗನ ಕೈಗೆ ಕೊಡುತ್ತಾರೆ. ಎಲ್ಲಿ ತಪ್ಪಾಯಿತೆಂದು ಅವನು ನೋಡಬಹುದು. ಕೂಡಿದ್ದು ತಪ್ಪಿದ್ದರೆ ಕೇಳಬಹುದು. ಮನೆಗೆಲಸದವಳಿಗೆ ಬಿದ್ದ ಅಂಕವನ್ನು ಊರೆಲ್ಲ ನೋಡುತ್ತದೆ, ಆಕೆಗೆ ತೋರಿಸುವವರಿಲ್ಲ. ಆಕೆ ತನ್ನ ಯಜಮಾನರಿಗೆ ಅಂಕ ಹಾಕುವಂತೆಯೂ ಇಲ್ಲ.

ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ, ಅದು 2004ರಲ್ಲಿ. ಮನೆಗೆಲಸವೂ ಗೌರವದ ಕೆಲಸವೆಂದು ಸಾರಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ತನ್ನ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಸರ್ಕಾರ ಅದಕ್ಕೆ ಇನ್ನೂ ಸಹಿ ಬೀಳಿಸಿಲ್ಲ. ಕೂಲಿಯ ದರ ಕಾಗದದ ಮೇಲಿದ್ದರೂ, ಗೇಟು ಮುಚ್ಚಿದರೆ ಆ ದರದಿಂದ ಏನು ಪ್ರಯೋಜನ?

ಡೆಲಿವರಿ ತರುಣರ ಲೆಕ್ಕವನ್ನೂ ಮಾಡೋಣ. ಅವರಿಗೆ ಕೂಲಿ ಬರುವುದು ಪೊಟ್ಟಣದ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ದಿನಕ್ಕೆ ಇಪ್ಪತ್ತು ಮನೆ, ಒಂದೊಂದು ಗೇಟಿನಲ್ಲಿ ಐದು ನಿಮಿಷ ಕಾದರೂ ನೂರು ನಿಮಿಷವಾಯಿತು. ಆ ನೂರು ನಿಮಿಷಕ್ಕೆ ಕೂಲಿ ಕೊಡುವವರು ಯಾರು? ಕಂಪನಿಯೂ ಅಲ್ಲ, ಮನೆಯವರೂ ಅಲ್ಲ. ಇದರ ಮೇಲೆ, ಬೈಕನ್ನು ಒಳಗೆ ತರಬೇಡ, ರಸ್ತೆಯಲ್ಲಿ ನಿಲ್ಲಿಸು ಎನ್ನುತ್ತಾರೆ. ರಸ್ತೆಯಲ್ಲಿ ನಿಲ್ಲಿಸಿದರೆ ಪೊಲೀಸರ ದಂಡ. ದೊಡ್ಡವರ ಲಿಫ್ಟಿನಲ್ಲಿ ಹತ್ತಬೇಡ, ಕೆಲಸದವರ ಲಿಫ್ಟು ಬೇರೆ ಇದೆ ಎನ್ನುತ್ತಾರೆ. ಊಟ ಅದೇ ಕೈಯಿಂದ ಬರಬೇಕು, ಆ ಕೈ ಮಾತ್ರ ಲಿಫ್ಟಿನ ಗುಂಡಿಯನ್ನು ಮುಟ್ಟಬಾರದು! ಊರ ಬಾವಿ, ಹೋಟೆಲಿನ ಲೋಟ, ದೇವಸ್ಥಾನದ ಬಾಗಿಲು, ಇವುಗಳಿಗಾಗಿ ಹೋರಾಡಿದ ನಾಡಿನಲ್ಲಿ ಹೊಸ ಲಿಫ್ಟಿಗೆ ಹಳೆಯ ಮೈಲಿಗೆ ಅಂಟಿಕೊಂಡಿದೆ. ಈ ತರುಣರಿಗಾಗಿ ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ಬಂದಿದೆ. ಕಲ್ಯಾಣ ಮಂಡಳಿಯೂ ಕಂಪನಿಗಳಿಂದ ಕಲ್ಯಾಣ ಶುಲ್ಕವೂ ಅದರಲ್ಲಿವೆ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ಕಟ್ಟುಹಾಕುವುದು ಕಂಪನಿಯನ್ನು. ಗೇಟಿನಲ್ಲಿ ನಡೆಯುವುದು ಅದರ ಕೈಗೆ ಸಿಕ್ಕುವುದಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಕಳ್ಳತನದ ಭಯ ಸುಳ್ಳಲ್ಲ. ಹಗಲೆಲ್ಲ ಒಬ್ಬರೇ ಇರುವ ಮುದುಕರು, ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುವ ತಾಯಂದಿರು, ಬಾಗಿಲಿಗೆ ಬಂದವನು ಯಾರೆಂದು ತಿಳಿಯಬೇಕೆನ್ನುವುದು ತಪ್ಪಲ್ಲ. ಗೇಟನ್ನು ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ಗುರುತು ಕೇಳಲಿ, ಆದರೆ ಎಲ್ಲರಿಗೂ ಒಂದೇ ನಿಯಮವಿರಲಿ, ಆ ನಿಯಮ ಬರಹದಲ್ಲಿರಲಿ. ಕಾವಲುಗಾರನ ಮೇಲೂ ನಮಗೆ ಕೋಪವಿಲ್ಲ. ಬೆಂಗಳೂರಿನ ಗೇಟುಗಳಲ್ಲಿ ಅಸ್ಸಾಮಿನಿಂದ, ಒಡಿಶಾದಿಂದ, ನೇಪಾಳದಿಂದ ಬಂದವರು, ನಮ್ಮ ಉತ್ತರ ಕರ್ನಾಟಕದ ಬರದ ಊರುಗಳಿಂದ ಹೋದವರು ನಿಂತಿದ್ದಾರೆ. ಎಷ್ಟೋ ಕಡೆ ಹನ್ನೆರಡು ಗಂಟೆಯ ಪಾಳಿ, ಕೂರಲು ಮುರಿದ ಕುರ್ಚಿ. ಒಳಗೆ ಬಿಟ್ಟರೆ ಮಾಲೀಕರ ಬೈಗುಳ, ಬಿಡದಿದ್ದರೆ ಬಂದವನ ಬೈಗುಳ. ಬಡವನನ್ನು ತಡೆಯಲು ಬಡವನನ್ನೇ ನಿಲ್ಲಿಸುವುದು ಹಳೆಯ ಉಪಾಯ.

ಇನ್ನು ಗೇಟಿನೊಳಗಿನ ನೆಲದ ಮಾತು. ಕಾರು ನಿಲ್ಲಿಸುವ ಜಾಗವನ್ನು ಬಿಲ್ಡರು ಫ್ಲ್ಯಾಟಿನ ಬೆಲೆಯ ಮೇಲೆ ಲಕ್ಷಗಟ್ಟಲೆ ಪಡೆದು ಬೇರೆಯಾಗಿ ಮಾರುವುದು ವಾಡಿಕೆಯಾಗಿದೆ. ಭವಿಷ್ಯನಿಧಿಯ ಹಣ ತೆಗೆದು, ಸಾಲ ಮಾಡಿ ಸಣ್ಣ ಫ್ಲ್ಯಾಟು ಕೊಂಡ ನಮ್ಮ ಓದುಗರೂ ಇದಕ್ಕೆ ಸಿಕ್ಕಿದ್ದಾರೆ. ಕಾನೂನು ಏನೆನ್ನುತ್ತದೆ? ಮುಂಬಯಿಯ ದಹಿಸರಿನ ಪಾಂಚಾಲಿ ಸಹಕಾರಿ ಗೃಹ ಸಂಘಕ್ಕೂ ಬಿಲ್ಡರನಿಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2010ರ ಆಗಸ್ಟ್ 31ರಂದು ತೀರ್ಪು ಕೊಟ್ಟಿತು. ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ತೆರೆದ ಜಾಗ ಗ್ಯಾರೇಜೂ ಅಲ್ಲ, ಫ್ಲ್ಯಾಟೂ ಅಲ್ಲ. ಅದು ಎಲ್ಲರಿಗೂ ಸೇರಿದ ಜಾಗ. ಅದನ್ನು ಬಿಲ್ಡರು ಬೇರೆಯಾಗಿ ಮಾರುವಂತಿಲ್ಲ ಎಂದಿತು. ಅದು ಮಹಾರಾಷ್ಟ್ರದ ಕಾಯಿದೆಯ ಮೇಲೆ ಬಂದ ತೀರ್ಪು. ಆದರೆ ಆಮೇಲೆ ಇಡೀ ದೇಶಕ್ಕೆ ಬಂದ 2016ರ ರಿಯಲ್ ಎಸ್ಟೇಟ್ ಕಾಯಿದೆ, ಜನರು ರೇರಾ ಎನ್ನುವುದು, ತೆರೆದ ಪಾರ್ಕಿಂಗ್ ಜಾಗವನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಮೇಲೆ ಚಾವಣಿ, ಮೂರು ಕಡೆ ಗೋಡೆ ಇದ್ದರೆ ಮಾತ್ರ ಅದನ್ನು ಗ್ಯಾರೇಜು ಎನ್ನುತ್ತದೆ. ನೆಲದ ಮೇಲೆ ಬಿಳಿಯ ಗೆರೆ ಎಳೆದ ಮಾತ್ರಕ್ಕೆ ಗೋಡೆ ಏಳುವುದಿಲ್ಲ.

ನಮ್ಮ ರಾಜ್ಯದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯೂ ಪಾರ್ಕಿಂಗ್ ಜಾಗ, ಅಂಗಳ, ತೋಟಗಳನ್ನು ಸಾಮಾನ್ಯ ಜಾಗವೆಂದೇ ಎಣಿಸುತ್ತದೆ. ಆದರೆ ಅದರಲ್ಲೊಂದು ಕಿಂಡಿ ಇದೆ: ನೋಂದಾಯಿಸಿದ ಘೋಷಣಾಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ಮಾತ್ರ ಅದು ಸಾಮಾನ್ಯ ಜಾಗ. ಆ ಘೋಷಣಾಪತ್ರವನ್ನು ಸಾಮಾನ್ಯವಾಗಿ ಬರೆಸುವವನು ಬಿಲ್ಡರು. ಆದ್ದರಿಂದ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಘೋಷಣಾಪತ್ರ, ಮಂಜೂರಾದ ನಕ್ಷೆ, ಕ್ರಯಪತ್ರದ ಕರಡು ಈ ಮೂರನ್ನೂ ಪಡೆದು, ತಿಳಿದವರಿಂದ ಓದಿಸಬೇಕು. ಪಾರ್ಕಿಂಗಿಗೆಂದು ಕೊಟ್ಟ ಹಣಕ್ಕೆ ರಶೀದಿ ಕೇಳಬೇಕು; ಅದು ಕೊಡದೆ ಬಾಯಿಮಾತಿನಲ್ಲಿ ಮುಗಿಸುವವನ ಬಳಿ ವ್ಯವಹಾರ ಬೇಡ. ಅನ್ಯಾಯವಾದರೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಈ ಎರಡೂ ಕಾಯಿದೆಗಳ ಸಾಮಾನ್ಯ ಜಾಗದ ಪಟ್ಟಿಯಲ್ಲಿ ಇನ್ನೊಂದು ಮಾತಿದೆ. ಅದನ್ನು ಎತ್ತಿ ಹೇಳುವವರು ಕಡಿಮೆ. ಕಟ್ಟಡವನ್ನು ನೋಡಿಕೊಳ್ಳುವ ನೌಕರರ ವಸತಿಯ ಜಾಗ ಪಾರ್ಕಿಂಗಿನ ಪಕ್ಕದಲ್ಲೇ ಆ ಪಟ್ಟಿಯಲ್ಲಿದೆ. 2016ರ ಕಾಯಿದೆ ಕಾವಲು ಸಿಬ್ಬಂದಿಯನ್ನು ಹೆಸರಿಸಿಯೇ ಹೇಳುತ್ತದೆ. ಅಂದರೆ ಕಾಯಿದೆ ಬರೆದವರ ಕಣ್ಣಿಗೆ ಕಾರಿನ ಜೊತೆಗೆ ಕಾವಲುಗಾರನೂ ಕಂಡಿದ್ದ. ಕಟ್ಟಿದವರ ಕಣ್ಣಿಗೆ ಕಂಡದ್ದು ಕಾರು ಮಾತ್ರ. ಎಷ್ಟೋ ಕಟ್ಟಡಗಳಲ್ಲಿ ಕಾರಿಗೆ ಒಂದು ಕೋಣೆಯಷ್ಟು ನೆರಳಿದೆ. ಮನೆಗೆಲಸದವರಿಗೆ ಕೈಕಾಲು ತೊಳೆಯಲು ಒಂದು ನಲ್ಲಿಯಿಲ್ಲ, ಶೌಚಕ್ಕೆ ಜಾಗವಿಲ್ಲ.

ಒಳಗೆ ಜಾಗ ಸಾಲದೆ ಹೋದಾಗ ಕಾರು ರಸ್ತೆಗೆ ಬರುತ್ತದೆ. ಅತಿಥಿಗಳಿಗೆಂದು ನಕ್ಷೆಯಲ್ಲಿ ತೋರಿಸಿದ ಜಾಗ ಯಾರದೋ ಎರಡನೆಯ ಕಾರಿಗೆ ಹೋಗಿರುತ್ತದೆ. ಅತಿಥಿಗಳ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ರಸ್ತೆಯ ಅಂಚಿನಲ್ಲಿ ಹೂಕುಂಡ, ಕಲ್ಲು, ಸರಪಳಿ ಇಟ್ಟು, ಇಲ್ಲಿ ವಾಹನ ನಿಲ್ಲಿಸಬಾರದೆಂದು ಖಾಸಗಿ ಹಲಗೆ ಹಾಕುತ್ತಾರೆ. ಸಾರ್ವಜನಿಕ ರಸ್ತೆಗೆ ಹಲಗೆ ಹಾಕಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಅದೇ ಅಂಚಿನಲ್ಲಿ ತಳ್ಳುಗಾಡಿ ನಿಲ್ಲಿಸಿ ಬದುಕುತ್ತಿದ್ದ ಹಣ್ಣಿನವನನ್ನು ಸಂಚಾರಕ್ಕೆ ಅಡ್ಡಿ ಎಂದು ಎಬ್ಬಿಸುತ್ತಾರೆ. ಒಂದು ಕಾರು ದಿನವಿಡೀ ಕದಲದೆ ನಿಂತರೆ ಅಡ್ಡಿಯಿಲ್ಲ. ಅದರ ಅರ್ಧದಷ್ಟೂ ಜಾಗ ಹಿಡಿಯದ ಗಾಡಿ ನಿಂತು ಒಂದು ಸಂಸಾರವನ್ನು ಸಾಕಿದರೆ ಅಡ್ಡಿ! 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು ಕೂರಬೇಕು. ಎಣಿಕೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ನಮ್ಮ ಪಟ್ಟಣದ ಸಣ್ಣ ವ್ಯಾಪಾರಿಗಳು ಈ ಸಮಿತಿ ಯಾವಾಗ ಸೇರಿತ್ತು, ಏನು ತೀರ್ಮಾನಿಸಿತು ಎಂದು ನಗರಸಭೆಯನ್ನು ಕೇಳಲಿ.

ಜಪಾನ್ ದೇಶದಲ್ಲಿ 1962ರಲ್ಲಿಯೇ ಒಂದು ಕಾಯಿದೆ ಮಾಡಿದರು. ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ರಸ್ತೆಯಲ್ಲದ ಬೇರೆ ಜಾಗ ತನಗಿದೆಯೆಂದು ತೋರಿಸಬೇಕು. ಪೊಲೀಸರು ಅದಕ್ಕೆ ಪ್ರಮಾಣಪತ್ರ ಕೊಡಬೇಕು. ಅದು ಬಂಡವಾಳಶಾಹಿ ದೇಶವೇ. ಕಾರು ತಯಾರಿಸಿ ಲೋಕಕ್ಕೆಲ್ಲ ಮಾರುವ ದೇಶ. ಆದರೂ ರಸ್ತೆ ಎಲ್ಲರದೆಂಬುದನ್ನು ಅದು ಮರೆಯಲಿಲ್ಲ.

ಅಂಗಡಿಕಾರರು ಇನ್ನೊಂದನ್ನು ಗಮನಿಸಬೇಕು. ದೊಡ್ಡ ಕಂಪನಿಯ ಚೀಲ ಹೊತ್ತವನಿಗೆ ಆ್ಯಪಿನಲ್ಲಿ ಮೊದಲೇ ಒಪ್ಪಿಗೆ ಸಿಕ್ಕಿರುತ್ತದೆ. ಮೂಲೆಯ ಕಿರಾಣಿ ಅಂಗಡಿಯ ಹುಡುಗನನ್ನು ಹೆಸರು ಬರೆಸಿ ನಿಲ್ಲಿಸುತ್ತಾರೆ. ತಲೆಯ ಮೇಲೆ ಬುಟ್ಟಿ ಹೊತ್ತ ಸೊಪ್ಪಿನವಳನ್ನು ಯಾವ ಮನೆಗೆ ಎಂದು ಕೇಳುತ್ತಾರೆ. ಆಕೆಗೆ ಯಾವ ಮನೆಯೂ ಇಲ್ಲ, ಕೂಗಿದರೆ ಕರೆದವರ ಮನೆಯೇ ಮನೆ. ಆ ಕೂಗು ಗೋಡೆಯಾಚೆಗೆ ಉಳಿಯಿತು. ಪೈಪೋಟಿಯಲ್ಲಿ ಸೋತರೆ ಸೋತೆವೆನ್ನಬಹುದು. ಪೈಪೋಟಿಯ ಅಂಗಳಕ್ಕೇ ಬಿಡದಿದ್ದರೆ ಅದಕ್ಕೆ ಏನೆನ್ನಬೇಕು?

ಗೇಟಿನ ಪುಸ್ತಕದಲ್ಲಿ ಸೇರಿದ ಹೆಸರು, ಫೋಟೋ, ಫೋನು ಸಂಖ್ಯೆಗಳು ಎಲ್ಲಿ ಹೋಗುತ್ತವೆ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಫ್ಲ್ಯಾಟಿನವರಿಗೆ ಇರುವಷ್ಟೇ ಪಾತ್ರೆ ತೊಳೆಯುವವಳಿಗೂ ಉಂಟು. 2023ರ ವೈಯಕ್ತಿಕ ದತ್ತಾಂಶ ಕಾಯಿದೆ, ಮಾಹಿತಿಯನ್ನು ಯಾವ ಉದ್ದೇಶಕ್ಕೆ ತೆಗೆದುಕೊಳ್ಳುತ್ತೇವೆಂದು ಮೊದಲು ತಿಳಿಸಬೇಕು ಎನ್ನುತ್ತದೆ; ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಕೇಳಿ ಪಡೆಯುವ ಅವಕಾಶವನ್ನೂ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ಗಡುವಿನವರೆಗೆ ಕಾದು ಕುಳಿತುಕೊಳ್ಳಬೇಕೆಂದೇನೂ ಇಲ್ಲ. ಸಭ್ಯತೆಗೆ ಯಾವ ಗಡುವೂ ಬೇಡ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಪ್ರತಿ ಬಹುಮಹಡಿ ಕಟ್ಟಡದ ಸಂಘವೂ ಗೇಟಿನ ನಿಯಮಗಳನ್ನು ಬರೆದು, ಕನ್ನಡದಲ್ಲಿಯೂ ಅಲ್ಲಿ ದುಡಿಯುವವರ ಭಾಷೆಯಲ್ಲಿಯೂ ಗೇಟಿನ ಬಳಿ ಹಾಕಬೇಕು. ಎರಡು: ಕಾರಣವನ್ನು ಬರಹದಲ್ಲಿ ತಿಳಿಸದೆ, ಆಕೆಯ ಮಾತನ್ನು ಕೇಳದೆ ಯಾರ ಪ್ರವೇಶವನ್ನೂ ತಡೆಹಿಡಿಯಬಾರದು, ತನ್ನ ದಾಖಲೆಯನ್ನು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಆಕೆಗಿರಬೇಕು. ಮೂರು: ದರ್ಜೆ ಕಟ್ಟುವುದು ನಿಲ್ಲಬೇಕು, ಲಿಫ್ಟಿಗೆ ಜಾತಿ ಇರಬಾರದು. ನಾಲ್ಕು: ನಕ್ಷೆಯಲ್ಲಿ ತೋರಿಸಿದ ಅತಿಥಿಗಳ ಪಾರ್ಕಿಂಗು ನೆಲದ ಮೇಲೂ ಇರಬೇಕು, ಅದರಲ್ಲಿ ದುಡಿಯಲು ಬರುವವರ ಸೈಕಲ್ಲಿಗೂ ಬೈಕಿಗೂ ಪಾಲು ಬೇಕು, ಕುಡಿಯುವ ನೀರು, ಶೌಚಾಲಯ, ಕಾವಲುಗಾರನಿಗೆ ಎಂಟು ಗಂಟೆಯ ಪಾಳಿ ಇರಬೇಕು. ಐದು: ಪಾರ್ಕಿಂಗಿನ ಹಂಚಿಕೆ ಸಂಘದ ಸರ್ವಸದಸ್ಯರ ಸಭೆಯಲ್ಲಿ ಆಗಬೇಕು, ಪಟ್ಟಿ ಎಲ್ಲರೂ ನೋಡುವಂತಿರಬೇಕು, ಬಾಡಿಗೆಗೆ ಇರುವವರನ್ನೂ ಕಾರಿಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆರು: ನಕ್ಷೆಯಂತೆ ಪಾರ್ಕಿಂಗು ಬಿಡದ ಕಟ್ಟಡಕ್ಕೆ ನಗರಸಭೆ ವಾಸಯೋಗ್ಯ ಪ್ರಮಾಣಪತ್ರ ಕೊಡಬಾರದು; ರಸ್ತೆಯ ಮೇಲಿನ ಖಾಸಗಿ ಹಲಗೆ, ಸರಪಳಿಗಳನ್ನು ತೆಗೆಸಬೇಕು.

ಇದರಲ್ಲಿ ಯಾವುದಕ್ಕೂ ಕ್ರಾಂತಿ ಬೇಕಾಗಿಲ್ಲ. ಹೆಚ್ಚಿನವು ಒಂದು ಭಾನುವಾರದ ಸಭೆಯಲ್ಲಿ ತೀರ್ಮಾನವಾಗುವಂಥವು. ಫ್ಲ್ಯಾಟು ಕೊಂಡಿರುವ ನಮ್ಮ ಓದುಗರು ತಮ್ಮ ಸಂಘದ ಮುಂದಿನ ಸಭೆಗೆ ತಪ್ಪದೆ ಹೋಗಿ ಮೊದಲನೆಯ ಬೇಡಿಕೆಯನ್ನಾದರೂ ಬರಹದಲ್ಲಿ ಮಂಡಿಸಲಿ. ಮನೆಗೆಲಸದವರು, ಡೆಲಿವರಿಯವರು, ಕಾವಲುಗಾರರು ಒಬ್ಬೊಬ್ಬರಾಗಿ ಗೇಟಿನಲ್ಲಿ ಜಗಳವಾಡುವುದನ್ನು ಬಿಟ್ಟು ಒಟ್ಟಾಗಿ ಹೋಗಿ ಸಂಘದ ಕಾರ್ಯದರ್ಶಿಯನ್ನು ಕಾಣಲಿ. ಅಂಗಡಿಕಾರರು ಅವರ ಜೊತೆಗೆ ನಿಲ್ಲಲಿ. ಮಿಲ್ಲಿನ ಗೇಟಿಗೆ ನಿಯಮದ ಹಲಗೆ ಬಂದದ್ದು ಮಾಲೀಕರ ಔದಾರ್ಯದಿಂದಲ್ಲ, ಕೆಲಸಗಾರರು ಕೂಡಿ ಕೇಳಿದ್ದರಿಂದ. ಈ ಗೇಟಿಗೂ ಅದು ಬರಬೇಕಾದರೆ ಕೂಡಿ ಕೇಳಲೇಬೇಕು.